ಬಜೆಟ್ ಮೇಡಂ

ವರ್ಷದಲ್ಲಿ ಎರಡು ದಿನ ನಾನು ಊರಿಗೆ ಬೇಕಾದವಳು. ಒಂದು ದಿಲ್ಲಿಯವರು ಬಜೆಟ್ ಓದುವ ದಿನ, ಇನ್ನೊಂದು ಬೆಂಗಳೂರಿನವರು ಬಜೆಟ್ ಓದುವ ದಿನ. ಆ ಎರಡು ದಿನ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಮಿಕ್ಕ ದಿನ ಅದು ಕೆಟ್ಟಿದೆಯೋ ಏನೋ ಎಂದು ನಾನೇ ಆಗಾಗ ತೆಗೆದು ನೋಡುತ್ತೇನೆ. ಕೆಟ್ಟಿರುವುದಿಲ್ಲ.

ಹರಿಹರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ, ಇರುವವಳು ಒಬ್ಬಳೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರು ಮೊದಲು ಬಹಳ ಜನ ಇದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಅವರೂ ಕೇಳುವುದು ಬಿಟ್ಟಿದ್ದಾರೆ.

ಲಾಕ್‌ಡೌನ್ ಆಗಿ, ಅಂಗಡಿಗಳ ವ್ಯಾಪಾರ ನೆಲ ಕಚ್ಚಿ, ‘ಆರ್ಥಿಕ ಹಿಂಜರಿತ’ ಎನ್ನುವ ಮಾತು ದಿನಾ ಪೇಪರಿನಲ್ಲಿ ಬರತೊಡಗಿದ ಮೇಲೆ ನನಗೆ ಸ್ವಲ್ಪ ಗಿರಾಕಿ ಹೆಚ್ಚಾಯಿತು. ದೇಶ ಮಲಗಿದಾಗ ಎದ್ದು ಕೂರುವ ಕಸುಬು ನನ್ನದು. ಅದಕ್ಕೇ ಏನೋ, ಈಚೆಗೆ ಈ ಮುಂದೆ ಹೇಳುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ಆಗುತ್ತಲೇ ಇವೆ.

೧. ಕರೆಂಟ್ ಹೋದಾಗ

ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಮನೆಯ ಮಹಡಿ ಮೇಲೆ ಸಣ್ಣ ಕೇಬಲ್ ಚಾನೆಲ್ ನಡೆಯುತ್ತದೆ. ಪ್ರತಿ ಬಜೆಟ್‌ಗೂ ಅಲ್ಲಿ ಚರ್ಚೆ. ಆ ಕಡೆ ಕುರ್ಚಿಯಲ್ಲಿ ಒಂದು ಪಕ್ಷದ ಮುಖಂಡರು, ಈ ಕಡೆ ಕುರ್ಚಿಯಲ್ಲಿ ಇನ್ನೊಂದು ಪಕ್ಷದವರು, ನಡುವೆ ಪಕ್ಷಾತೀತ ತಜ್ಞೆ ನಾನು. ಒಬ್ಬರು ಯಾವಾಗಲೂ ಜುಬ್ಬಾ ಹಾಕುತ್ತಾರೆ, ಇನ್ನೊಬ್ಬರ ಹೆಗಲ ಮೇಲೆ ಟವೆಲ್ ಇರುತ್ತದೆ. ಜುಬ್ಬಾದವರ ಪಕ್ಷ ದಿಲ್ಲಿಯಲ್ಲಿ ಅಧಿಕಾರದಲ್ಲಿತ್ತು, ಟವೆಲ್‌ನವರದು ಬೆಂಗಳೂರಿನಲ್ಲಿ.

ದಿಲ್ಲಿ ಬಜೆಟ್ ದಿನ ಜುಬ್ಬಾದವರು ಹೇಳಿದರು: “ಹಿಂಜರಿತ ಆದಾಗ ಸರ್ಕಾರ ಸಾಲ ಮಾಡಿಯಾದ್ರೂ ಖರ್ಚು ಮಾಡ್ಬೇಕ್ರಿ. ಇದು ದೂರದೃಷ್ಟಿ ಬಜೆಟ್.” ಟವೆಲ್‌ನವರು ಮೇಜು ಗುದ್ದಿದರು: “ಸಾಲ ಮಾಡಿ ಮೊಮ್ಮಕ್ಕಳ ತಲಿ ಮ್ಯಾಲೆ ಹಾಕಾಕತ್ತೀರಿ. ಇದು ಕಣ್ಣೊರೆಸೋ ಬಜೆಟ್.”

ಕೆಲವು ವಾರ ಬಿಟ್ಟು ಬೆಂಗಳೂರಿನ ಬಜೆಟ್ ಬಂತು. ಅದೇ ಮೂರು ಕುರ್ಚಿ. ಈ ಸಲ ಸಾಲ ಮಾಡಿ ಖರ್ಚು ಮಾಡಬೇಕು ಎಂದವರು ಟವೆಲ್‌ನವರು, ಮೊಮ್ಮಕ್ಕಳ ಬಗ್ಗೆ ಅತ್ತವರು ಜುಬ್ಬಾದವರು. ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊಡೆದಿದ್ದರಿಂದ ಹಗಲು ಮೂರು ಗಂಟೆಗೇ ಗವ್ವೆನ್ನುವ ಕತ್ತಲೆ. ಆ ಕತ್ತಲೆಯಲ್ಲಿ ಜುಬ್ಬಾದವರ ಮೆತ್ತನೆಯ ದನಿ ಕೇಳಿಸಿತು.

“ಬೀಗ್ರೇ, ಸೊಂಟ ಹೆಂಗೈತೆ ಈಗ?”

“ಪರವಾಗಿಲ್ಲ ಬೀಗ್ರೇ. ನಿಮ್ಮ ಮಗಳು ದಿನಾ ಎಣ್ಣೆ ಕಾಯ್ಸಿ ಕೊಡ್ತಾಳೆ. ಭಾಳ ಒಳ್ಳೆ ಹುಡುಗಿ ಕೊಟ್ರಿ ನಮಗೆ.”

“ಆದಿತ್ವಾರ ಕುಕ್ಕುವಾಡಕ್ಕೆ ಬರ್ರಿ ಮತ್ತೆ. ಹೋಳಿಗೆ ಮಾಡಿಸ್ತೀನಿ.”

ಜನರೇಟರ್ ಗುರುಗುಟ್ಟಿತು. ದೀಪ ಬಂತು. “ಇದು ಜನದ್ರೋಹಿ ಬಜೆಟ್!” ಎಂದು ಜುಬ್ಬಾದವರು ಬೆರಳು ತೋರಿಸಿ ಕೂಗಿದರು. ಕೊನೆಗೆ ನಿರೂಪಕರು ನನ್ನ ಕಡೆ ತಿರುಗಿದರು. “ಮೇಡಂ, ಟೈಮ್ ಆಗೋಯ್ತು. ಒಂದೇ ಮಾತಿನಾಗೆ ಹೇಳ್ರಿ, ಬಜೆಟ್ ಹೆಂಗೈತೆ?”

“ಒಂದು ಕಡೆಯಿಂದ ನೋಡಿದರೆ...” ಎಂದೆ.

“ಧನ್ಯವಾದ ಮೇಡಂ,” ಎಂದರು.

ಕೆಳಗೆ ಇಳಿದು ಬಂದರೆ ಬೀಗರಿಬ್ಬರೂ ಒಂದೇ ಬೈಕ್ ಹತ್ತಿ ಕೂತಿದ್ದರು. ಟವೆಲ್‌ನವರು ಮರ್ಯಾದೆಯಿಂದ ಕೇಳಿದರು: “ಮೇಡಂ, ನಿಮ್ಮನ್ನ ಮನೀಗೆ ಬಿಡೋರು ಯಾರಾದ್ರೂ ಬರ್ತಾರೇನ್ರಿ?”

“ಇಲ್ರಿ,” ಎಂದೆ. “ನಾನು ಪಕ್ಷಾತೀತ. ನಡ್ಕೊಂಡು ಹೋಗ್ತೀನಿ.”

೨. ಖಾಲಾ

ಸರ್ಕಾರ ಹೆಂಗಸರಿಗೆ ಬಸ್ ಫ್ರೀ ಮಾಡಿದ ಮೇಲೆ ಹರಿಹರದ ಬಸ್ಸಿನಲ್ಲಿ ನನ್ನ ಪಕ್ಕ ಆಗಾಗ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಕೂರತೊಡಗಿದರು. ಹಿಂದೆ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರಂತೆ. ಲಾಕ್‌ಡೌನ್‌ನಲ್ಲಿ ನಿಂತ ಹೊಲಿಗೆ ಮತ್ತೆ ಶುರುವಾಗಲಿಲ್ಲ. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಈ ವಯಸ್ಸಿನಲ್ಲಿ ನನ್ನನ್ನು ಮಗಳೇ ಎನ್ನುವವರು ಅವರೊಬ್ಬರೇ. ಆದ್ದರಿಂದ ಸೀಟು ಹಿಡಿದಿಡುತ್ತಿದ್ದೆ.

ಒಂದು ದಿನ ಗೊಬ್ಬರದ ಅಂಗಡಿಯವರೊಬ್ಬರು ಟಿಕೆಟ್ ತೆಗೆದುಕೊಂಡು, ಸೀಟು ಸಿಗದೆ, ಕಂಬ ಹಿಡಿದು ನಿಂತಿದ್ದರು. ಸಿಟ್ಟು ಬಂದಿರಬೇಕು.

“ಇವ್ರಿಗೆಲ್ಲ ಫ್ರೀ ಕೊಟ್ಟು ಕೊಟ್ಟು ಖಜಾನಿ ಖಾಲಿ ಆತು. ಈ ದುಡ್ಡಿನಾಗೆ ಒಂದು ಫ್ಯಾಕ್ಟ್ರಿ ತೆಗೀಬೋದಿತ್ತು,” ಎಂದರು.

ಖಾಲಾ ತಲೆ ಎತ್ತಿದರು. “ತೆಗೀರಿ ಭಾಯಿ, ಬ್ಯಾಡ ಅಂದೋರ್ ಯಾರು? ಫ್ಯಾಕ್ಟ್ರಿಗೆ ಹೋಗಾಕೆ ಬಸ್ ಬೇಕಲ್ಲ?”

ಬಸ್ಸೆಲ್ಲ ನಕ್ಕಿತು. ಅವರು ಸೋಲೊಪ್ಪದೆ ನನ್ನ ಕಡೆ ತಿರುಗಿದರು. “ಮೇಡಂ, ನಿಮ್ಮನ್ನ ಟೀವಿಯಾಗೆ ನೋಡೀನಿ. ನೀವು ಓದಿದೋರು, ನ್ಯಾಯ ಹೇಳ್ರಿ.”

ಇಷ್ಟು ಜನ ಒಟ್ಟಿಗೆ ನನ್ನನ್ನೇ ನೋಡಿದ್ದು ಯಾವ ಕಾಲಕ್ಕೋ. ಉತ್ಸಾಹದಿಂದ ಹೇಳಿದೆ: ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದು ಸಂತೆಗೆ ಬರುತ್ತದೆ, ಬಿದ್ದ ವ್ಯಾಪಾರ ಏಳುತ್ತದೆ, ಆದರೆ ಅಷ್ಟೇ ದುಡ್ಡು ರಸ್ತೆಗೆ, ಕಾಲುವೆಗೆ ಕಡಿಮೆ ಬೀಳುತ್ತದೆ, ಹಾಗಾಗಿ ಇಬ್ಬರದೂ ಸರಿ. ಇಬ್ಬರಿಗೂ ನನ್ನ ಮೇಲೆ ಸಿಟ್ಟು ಬಂತು. ಗೊಬ್ಬರದವರು ದಡದಡ ಇಳಿದು ಹೋದರು.

ಹರಿಹರ ಬಂತು. ನಾನು ಎದ್ದೆ, ಖಾಲಾ ಏಳಲಿಲ್ಲ.

“ಇಳಿಯಲ್ವಾ ಖಾಲಾ? ಇಲ್ಲೇನು ಕೆಲಸ ನಿಮಗೆ ದಿನಾ?”

“ಕೆಲ್ಸ ಏನಿಲ್ಲ ಬೇಟಿ. ಮನ್ಯಾಗೆ ಮಾತಾಡೋರಿಲ್ಲ. ಇಲ್ಲಿ ದಿನಾ ಒಬ್ರು ಜಗಳ ಆಡೋರು ಸಿಗ್ತಾರೆ. ಇದೇ ಬಸ್ಸಿನಾಗೆ ವಾಪಸ್ ಹೋಗ್ತೀನಿ.” ಆಮೇಲೆ ಕೇಳಿದರು: “ನಿನ್ನ ಕ್ಲಾಸಿನಾಗೆ ಎಷ್ಟು ಜನ ಅದಾರೆ?”

“ನಾಲ್ಕು ಜನ ಖಾಲಾ.”

“ಬಸ್ಸಿನಾಗೆ ಎಪ್ಪತ್ತು ಜನ ಇದ್ರು. ನೀನ್ಯಾಕ ಇಳೀತಿ? ಕೂಡು, ಇಲ್ಲೇ ಪಾಠ ಹೇಳು.”

೩. ಹಾಲು

ಮೊದಲೆಲ್ಲ ಬಜೆಟ್ ದಿನ ನಮ್ಮ ಬೀದಿಯ ನಾಲ್ಕೈದು ಮನೆಯವರು ನನ್ನ ಮನೆಗೆ ಬರುತ್ತಿದ್ದರು. ಯಾವುದು ತುಟ್ಟಿ, ಯಾವುದು ಅಗ್ಗ ಎಂದು ನಾನು ಬಿಡಿಸಿ ಹೇಳುತ್ತಿದ್ದೆ. ಆ ದಿನ ನಾನು ಅರ್ಧ ದಿನ ರಜೆ ಹಾಕಿ ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ. ಬೇರೆಯವರಿಗೆ ಯುಗಾದಿ ಹೆಂಗೋ ನನಗೆ ಅದು ಹಂಗೆ.

ಹೋದ ವರ್ಷ ಯಾರೂ ಬರಲಿಲ್ಲ. ತುಟ್ಟಿ-ಅಗ್ಗದ ಪಟ್ಟಿ ಎಲ್ಲರ ಫೋನಿಗೂ ಭಾಷಣ ಮುಗಿಯುವ ಮೊದಲೇ ಬಂದಿತ್ತು. ಬಜ್ಜಿ ತಣ್ಣಗಾಗುತ್ತಿದ್ದವು. ಅಷ್ಟರಲ್ಲಿ ಬೆಲ್ ಆಯಿತು. ಓಡಿಹೋಗಿ ಬಾಗಿಲು ತೆಗೆದೆ. ಎದುರು ಮನೆಯ ಹೆಂಗಸು.

“ಮಿಕ್ಸಿ ಜಾರ್ ಇದ್ರೆ ಒಂದೀಟು...” ಎಂದರು.

“ಬರ್ರಿ ಬರ್ರಿ, ಕೂಡ್ರಿ!” ಎಂದು ಕೈ ಹಿಡಿದು ಒಳಗೆ ಎಳೆದು ಕೂರಿಸಿದೆ. ಕೈಗೆ ಬಜ್ಜಿಯ ತಟ್ಟೆ ಕೊಟ್ಟೆ. ವಿತ್ತೀಯ ಕೊರತೆ ಎಂದರೆ ಏನು ಎಂದು ಶುರು ಮಾಡಿದೆ. ಆದಾಯ ಬಿದ್ದಾಗ ಮನೆ ಯಜಮಾನ ಖರ್ಚು ಬಿಗಿ ಮಾಡುತ್ತಾನೆ, ಆದರೆ ಸರ್ಕಾರವೂ ಹಾಗೇ ಬಿಗಿ ಮಾಡಿದರೆ ಊರಿಗೆ ಊರೇ ಹಸಿಯುತ್ತದೆ ಎಂದೆ. ಅವರು ನಡುವೆ ಎರಡು ಸಲ “ಅಲ್ರೀ...” ಎಂದರು. ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇನೆ ಎಂದೆ, ಕ್ಲಾಸಿನ ಅಭ್ಯಾಸ. ಅರ್ಧ ಗಂಟೆ ಆಗಿರಬೇಕು. ನೋಡುತ್ತೇನೆ, ಅವರ ಕಣ್ಣಲ್ಲಿ ನೀರು!

ಇಷ್ಟು ವರ್ಷದ ಪಾಠದಲ್ಲಿ ವಿತ್ತೀಯ ಕೊರತೆಗೆ ಯಾರೂ ಅತ್ತಿರಲಿಲ್ಲ.

“ಯಾಕ್ರೀ ಅಳ್ತೀರಿ?” ಎಂದೆ.

“ಗ್ಯಾಸ್ ಮ್ಯಾಲೆ ಹಾಲಿಟ್ಟು ಬಂದೀನ್ರಿ,” ಎಂದರು.

ಇಬ್ಬರೂ ಓಡಿದೆವು. ಪಾತ್ರೆ ಕರ್ರಗೆ ಸೀದು, ಮನೆ ತುಂಬ ಹೊಗೆ. ಅದೇ ಹೊತ್ತಿಗೆ ಅವರ ಯಜಮಾನರು ಬಂದರು. “ಎಲ್ಲಿಗೆ ಹೋಗಿದ್ದಿ?”

“ಮೇಡಂ ಮನ್ಯಾಗೆ ಬಜೆಟ್ ಕೇಳ್ತಿದ್ದೆ.”

“ಏನ್ ತುಟ್ಟಿ ಆತು?”

“ನಮಗಾ? ಹಾಲು, ಪಾತ್ರೆ, ಎರಡೂ.”

ಈಗ ಮಿಕ್ಸಿ ಜಾರ್ ಬೇಕಾದರೆ ಅವರು ನನ್ನ ಮನೆ ದಾಟಿ ಮೂರನೇ ಮನೆಗೆ ಹೋಗುತ್ತಾರೆ.

೪. ಹತ್ತನೇ ಒಂದು ಭಾಗ

ನಮ್ಮ ವಿಭಾಗದಲ್ಲಿ ಮೊದಲು ನಾಲ್ಕು ಜನ ಇದ್ದೆವು. ಒಬ್ಬರು ನಿವೃತ್ತರಾದರು, ಒಬ್ಬರು ವರ್ಗ ಮಾಡಿಸಿಕೊಂಡರು, ಒಬ್ಬರು ಕೊರೋನಾದಲ್ಲಿ ಹೋದರು. ಖಜಾನೆ ಸರಿಯಿಲ್ಲ ಎಂದು ಆ ಜಾಗಗಳನ್ನು ತುಂಬಲಿಲ್ಲ. ಒಬ್ಬರೇ ಇರುವ ಕೋಣೆಗೆ ಎರಡು ಟ್ಯೂಬ್‌ಲೈಟ್ ಯಾಕೆ ಎಂದು ಒಂದನ್ನು ಬಿಚ್ಚಿಕೊಂಡೂ ಹೋದರು.

ಆಮೇಲೊಂದು ಮಿತವ್ಯಯದ ಸುತ್ತೋಲೆ ಬಂತು. ಪ್ರಿನ್ಸಿಪಾಲರು ಕರೆಸಿದರು.

“ಮೇಡಂ, ಎಲ್ಲಾ ವಿಭಾಗದಾಗೂ ಸಿಬ್ಬಂದಿ ಹತ್ತನೇ ಒಂದು ಭಾಗ ಕಡಿಮೆ ಮಾಡಿ ತೋರಿಸ್ಬೇಕಂತೆ.”

“ಸರ್, ನಾನೊಬ್ಬಳೇ ಇರೋದು. ನನ್ನಾಗೆ ಯಾವ ಭಾಗ ಕಡಿಮೆ ಮಾಡ್ಲಿ?”

ಅವರು ನಿಜವಾಗಲೂ ಯೋಚಿಸಿದರು. ಒಳ್ಳೆಯ ಮನುಷ್ಯ, ಆದರೆ ಸುತ್ತೋಲೆಯನ್ನು ಎದ್ದು ನಿಂತೇ ಓದುತ್ತಾರೆ. ಪಾಪ ಎನ್ನಿಸಿ ಹೇಳಿದೆ: “ಒಬ್ಬಳಿಗೆ ಅಡಿಗೆ ಮಾಡ್ಕೊಳ್ಳಾಕೆ ಬೇಜಾರಾಗಿ ರಾತ್ರಿ ಊಟ ಬಿಟ್ಟೀನಿ ಸರ್. ಅರವತ್ತು ಕೆಜಿ ಇದ್ದೋಳು ಐವತ್ನಾಲ್ಕು ಆಗೀನಿ.”

ಪ್ರಿನ್ಸಿಪಾಲರ ಮುಖ ಅರಳಿತು. “ಟಾರ್ಗೆಟ್ ಮುಟ್ಟೀರಲ್ರೀ ಮತ್ತೆ!”

೫. ವಿಭಾಗದ ಸಭೆ

ವಿದ್ಯಾರ್ಥಿಗಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚಿದರೆ ಎಷ್ಟು ಉಳಿಯುತ್ತದೆ ಎಂದು ನೋಡಲು ಈ ವರ್ಷ ಮೂರು ಜನರ ಒಂದು ಸಮಿತಿ ಬಂತು. ನಮ್ಮದು ಪಟ್ಟಿಯಲ್ಲಿ ಮೊದಲನೆಯದು. ಮುಚ್ಚಿದರೆ ನನ್ನನ್ನು ಎಲ್ಲಿಗೆ ಹಾಕುತ್ತಾರೋ ಗೊತ್ತಿಲ್ಲ. ಹೊಸ ಊರಿನಲ್ಲಿ ಮತ್ತೆ ಮೊದಲಿನಿಂದ ಒಬ್ಬಳಾಗುವ ಶಕ್ತಿ ನನಗಿರಲಿಲ್ಲ. ಇಲ್ಲಿ ಒಬ್ಬಳಾಗಿರುವುದಾದರೂ ರೂಢಿಯಾಗಿತ್ತು.

ಸಮಿತಿಯ ಅಧ್ಯಕ್ಷರು ನರೆಗೂದಲಿನವರು, ಮುಖದಲ್ಲಿ ನಗುವೇ ಇಲ್ಲ. ನನ್ನ ಕೋಣೆಗೆ ಬಂದು ಕೂತವರೇ ಕೇಳಿದರು: “ವಿಭಾಗದ ಸಭೆಯ ನಡಾವಳಿ ಪುಸ್ತಕ ಐತೇನ್ರಿ?”

ಪುಸ್ತಕ ಇತ್ತು. ತಿಂಗಳಿಗೊಂದು ಸಭೆ ನಡೆಸಿ ನಡಾವಳಿ ಬರೆಯಬೇಕೆಂಬ ನಿಯಮವನ್ನು ಯಾರೂ ರದ್ದು ಮಾಡಿರಲಿಲ್ಲ. ಹಾಗಾಗಿ ಒಬ್ಬಳೇ ಆದ ಮೇಲೂ ತಿಂಗಳ ಕೊನೆಯ ಶನಿವಾರ ಸಭೆ ನಡೆಸುತ್ತಿದ್ದೆ. ಮೊದಮೊದಲು ಕಾಟಾಚಾರಕ್ಕೆ ಎರಡು ಸಾಲು ಗೀಚುತ್ತಿದ್ದೆ. ಆಮೇಲಾಮೇಲೆ, ಹೇಳಿದರೆ ನಗುತ್ತೀರಿ, ಆ ಶನಿವಾರಕ್ಕೆ ಕಾಯುವ ಹಾಗಾಯಿತು. ಬಾಗಿಲು ಹಾಕಿಕೊಂಡು, ಚಹಾ ತರಿಸಿ, ವಿಷಯಗಳನ್ನು ಒಂದೊಂದೇ ಎತ್ತಿಕೊಳ್ಳುತ್ತಿದ್ದೆ.

ಅಧ್ಯಕ್ಷರು ಕನ್ನಡಕ ಏರಿಸಿ ಓದತೊಡಗಿದರು.

“ಹಾಜರಿದ್ದವರು, ಒಬ್ಬರು. ಸ್ವಾಗತ, ವಿಭಾಗದ ಮುಖ್ಯಸ್ಥರು. ವಂದನಾರ್ಪಣೆ, ವಿಭಾಗದ ಮುಖ್ಯಸ್ಥರು.” ತಲೆ ಎತ್ತಿ ನನ್ನನ್ನು ನೋಡಿದರು. “ಇಲ್ಲಿ ‘ತೀವ್ರ ಚರ್ಚೆಯ ನಂತರ’ ಅಂತ ಐತಲ್ಲ ಮೇಡಂ. ಚರ್ಚೆ ಯಾರ ಜೊತೆ ಆತು?”

“ನನ್ನ ಜೊತೇನೇ ಸರ್.”

“ವಿಷಯ?”

“ಇನ್ನೊಬ್ಬ ಉಪನ್ಯಾಸಕರನ್ನು ಕೊಡಿ ಅಂತ ಸರ್ಕಾರನ ಕೇಳಬೇಕೋ ಬ್ಯಾಡವೋ ಅಂತ ಸರ್. ಒಬ್ಬಳ ಕೈಲಿ ಆಗೋದಿಲ್ಲ, ಕೇಳಲೇಬೇಕು ಅಂದೆ. ಆದರೆ ಹಿಂಜರಿತದಿಂದ ಇನ್ನೂ ಪೂರ್ತಿ ಎದ್ದಿಲ್ಲ, ಖಜಾನೆ ಸ್ಥಿತಿ ಹಿಂಗಿರುವಾಗ ಕೇಳೋದು ಅರ್ಥಶಾಸ್ತ್ರ ಓದಿದೋರಿಗೆ ಶೋಭೆ ಅಲ್ಲ ಅಂತ ವಿರೋಧನೂ ಮಾಡಿದೆ.”

ಉಳಿದಿಬ್ಬರು ಸದಸ್ಯರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಭುಜಗಳು ಕುಲುಕುತ್ತಿದ್ದವು. ಅಧ್ಯಕ್ಷರು ಮಾತ್ರ ನಗಲಿಲ್ಲ. ಮುಂದಿನ ಸಾಲಿಗೆ ಬೆರಳಿಟ್ಟು ಓದಿದರು: “ಪರವಾಗಿ ಒಂದು, ವಿರುದ್ಧವಾಗಿ ಒಂದು ಮತ ಬಂದು ಸಮ ಆಗಿದ್ದರಿಂದ, ಅಧ್ಯಕ್ಷರು ತಮ್ಮ ನಿರ್ಣಾಯಕ ಮತ ಚಲಾಯಿಸಿ ಬೇಡಿಕೆ ಕೈಬಿಡಲು...” ಅಲ್ಲಿಗೆ ನಿಲ್ಲಿಸಿದರು. “ಅಧ್ಯಕ್ಷರು ಯಾರು?”

“ನಾನೇ ಸರ್.”

“ಹಂಗಾರೆ ಸೋತೋರು ಯಾರು ಮೇಡಂ?”

“ಅದೂ ನಾನೇ ಸರ್. ಒಂದು ವಾರ ಬೇಜಾರಿತ್ತು.”

ಅವರು ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ ಕೊಟ್ಟರು. “ಬರ್ತೀವ್ರಿ,” ಎಂದಷ್ಟೇ ಹೇಳಿ ಹೊರಟರು. ಮುಗಿಯಿತು ಎಂದುಕೊಂಡೆ. ಆ ಸಂಜೆಯೇ ಮನೆಯಲ್ಲಿ ಪುಸ್ತಕಗಳನ್ನು ಕಟ್ಟಿಡಲು ಖಾಲಿ ರಟ್ಟಿನ ಡಬ್ಬ ತಂದಿಟ್ಟೆ.

ಎರಡು ತಿಂಗಳ ನಂತರ ವರದಿ ಬಂತು. ಪ್ರಿನ್ಸಿಪಾಲರು ಅದನ್ನು ನನ್ನ ಮುಂದೆಯೇ ಮೂರು ಸಲ ಓದಿದರು. ನಮ್ಮ ವಿಭಾಗದ ಬಗ್ಗೆ ಹೀಗಿತ್ತು: ‘ಅರ್ಥಶಾಸ್ತ್ರ ವಿಭಾಗದ ಸಿಬ್ಬಂದಿಯಲ್ಲಿ ಗಂಭೀರ ಭಿನ್ನಾಭಿಪ್ರಾಯ ಕಂಡುಬಂದಿದೆ. ಅದನ್ನು ಬಗೆಹರಿಸಲು ಕನಿಷ್ಠ ಒಬ್ಬ ಅತಿಥಿ ಉಪನ್ಯಾಸಕರನ್ನು ತುರ್ತಾಗಿ ಒದಗಿಸತಕ್ಕದ್ದು.’ ಮೇಲಿನ ಕಚೇರಿಯಲ್ಲಿ ಯಾರೋ ಅದನ್ನು ಓದದೆಯೇ ಮಂಜೂರು ಮಾಡಿದ್ದರು.

ಅತಿಥಿ ಉಪನ್ಯಾಸಕರು ಬಂದರು. ಮೂವತ್ತು ದಾಟಿದ, ಬಹಳ ವಿನಯದ ಮನುಷ್ಯ. ನನಗೆ ಎಷ್ಟು ಸಂತೋಷವೆಂದರೆ, ಅವರ ಕುರ್ಚಿಯನ್ನು ನಾನೇ ಒರೆಸಿದೆ. ತಿಂಗಳ ಕೊನೆಯ ಶನಿವಾರ ಎರಡು ಚಹಾ ತರಿಸಿದೆ, ಮನೆಯಿಂದ ಚಕ್ಕುಲಿ ಒಯ್ದಿದ್ದೆ. ಪುಸ್ತಕ ತೆರೆದು ‘ಹಾಜರಿದ್ದವರು, ಇಬ್ಬರು’ ಎಂದು ದುಂಡಗೆ ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ.

“ಮೊದಲನೇ ವಿಷಯ,” ಎಂದೆ. “ನಾವು ಇನ್ನೊಂದು ಟ್ಯೂಬ್‌ಲೈಟ್ ಕೇಳಬೇಕೋ ಬ್ಯಾಡವೋ? ನಿಮ್ಮ ಅಭಿಪ್ರಾಯ ಹೇಳ್ರಿ.”

“ನೀವು ಹೆಂಗಂತೀರೋ ಹಂಗೆ ಮೇಡಂ,” ಎಂದರು.

“ಕೇಳೋಣ ಅಂತೀನಿ.”

“ಕೇಳೋಣ ಮೇಡಂ.”

“ಖಜಾನೆಗೆ ಹೊರೆ ಆಗ್ತೈತಲ್ರೀ. ಬ್ಯಾಡ ಅಂದ್ರೆ?”

“ಬ್ಯಾಡ ಬಿಡ್ರಿ ಮೇಡಂ.”

ಎರಡೇ ನಿಮಿಷದಲ್ಲಿ ಎಲ್ಲ ವಿಷಯಗಳೂ ಸರ್ವಾನುಮತದಿಂದ ಮುಗಿದವು. ಅವರು ಕೈ ಮುಗಿದು, ಚಕ್ಕುಲಿಗೆ ಥ್ಯಾಂಕ್ಸ್ ಹೇಳಿ, ಬಸ್ ಹಿಡಿಯಲು ಹೋದರು. ನಡಾವಳಿಗೆ ಒಂದೇ ಸಾಲು ಸಾಕಾಯಿತು. ಏನೇ ಹೇಳ್ರಿ, ಒಬ್ಬಳೇ ಇದ್ದಾಗ ಚರ್ಚೆ ಚೆನ್ನಾಗಿ ನಡೀತಿತ್ತು.