ಪದ್ಮಾವತಿ ಟೀಚರ್ ದೋಣಿ ನಡೆಸಿದ್ದು

ನಿಮ್ಮ ಬದುಕಿನ ಬಗ್ಗೆ ಎರಡು ಸಾಲು ಬರೆದುಕೊಡಿ ಎಂದು ಕೇಳಿದರೆ ಎಂಥವನೂ ತಬ್ಬಿಬ್ಬಾಗುತ್ತಾನೆ. ಇಪ್ಪತ್ತು ಪುಟ ಕೇಳಿದರೆ ಧೈರ್ಯವಾಗಿ ಕೂರುತ್ತಾನೆ. ಬಾಲ್ಯ, ಬಡತನ, ಗುರುಗಳು ಎಂದು ತುಂಬಿಸಿಬಿಡಬಹುದು. ಎರಡೇ ಸಾಲು ಎಂದಾಗ ಏನು ನಡೆಯಿತು ಎಂಬುದನ್ನು ಹೇಳಲೇಬೇಕಾಗುತ್ತದೆ. ಬಹಳ ಜನರ ಬದುಕಿನಲ್ಲಿ ಕಳೆದ ವರ್ಷದಿಂದ ಈ ವರ್ಷಕ್ಕೆ ಏನೂ ನಡೆದಿರುವುದಿಲ್ಲ. ನಾನು ಓದಿದ ಕರಾವಳಿಯ ಕ್ರೈಸ್ತ ಕಾಲೇಜು ವರ್ಷಕ್ಕೊಮ್ಮೆ ಹಳೆ ವಿದ್ಯಾರ್ಥಿಗಳ ಪತ್ರಿಕೆಯೊಂದನ್ನು ಹೊರತರುತ್ತದೆ. ಅದರ ಕೊನೆಯ ಪುಟಗಳಲ್ಲಿ ಇಂಥ ಎರಡು ಸಾಲುಗಳ ಸಂತೆಯೇ ನೆರೆದಿರುತ್ತದೆ. ಯಾರು ಮ್ಯಾನೇಜರ್ ಆದರು, ಯಾರ ಮಗಳ ಮದುವೆಯಾಯಿತು, ಯಾರು ಮೂತ್ರಪಿಂಡದ ಕಲ್ಲು ತೆಗೆಸಿಕೊಂಡು ಆರಾಮವಾಗಿದ್ದಾರೆ, ಎಲ್ಲವೂ ಅಲ್ಲಿರುತ್ತದೆ. ಮೊದಲ ಪುಟಗಳಲ್ಲಿ ಪ್ರಿನ್ಸಿಪಾಲರ ಸಂದೇಶವೂ ಹೊಸ ಪ್ರಯೋಗಾಲಯದ ಚಿತ್ರವೂ ಇರುತ್ತವೆ. ಅವನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಹಿಂದಿನಿಂದ ಶುರುಮಾಡಿ, ಮೊದಲು ತಮ್ಮ ಹೆಸರು ಹುಡುಕಿ, ಆಮೇಲೆ ತಮಗಿಂತ ಮುಂದೆ ಹೋದವರ ಹೆಸರು ಹುಡುಕಿ, ಪತ್ರಿಕೆಯನ್ನು ಮಡಚಿಡುತ್ತಾರೆ.

ನಾನು ಆಗ ವಾರಾಣಸಿಯಲ್ಲಿ ಒಂದು ಸುದ್ದಿಸಂಸ್ಥೆಯ ಬಾತ್ಮೀದಾರನಾಗಿದ್ದೆ. ಭೇಲೂಪುರದಲ್ಲಿ ಒಂದು ದಂತವೈದ್ಯರ ಕ್ಲಿನಿಕ್ಕಿನ ಮೇಲೆ ನನ್ನ ಕಚೇರಿ. ಒಂದು ಟೆಲಿಪ್ರಿಂಟರ್, ಒಂದು ಟೈಪ್‌ರೈಟರ್, ಕೆಳಗಿನಿಂದ ಆಗಾಗ ಕೇಳಿಬರುವ ರೋಗಿಗಳ ಕೂಗು. ಪತ್ರಿಕೆಯ ಸಂಪಾದಕರಾಗಿದ್ದ ಫಾದರ್ ನನ್ನ ಉದ್ಯೋಗ ತಿಳಿದು, ಗಂಗೆಯ ದಡದಲ್ಲಿರುವ ನಮ್ಮ ಕಾಲೇಜಿನವರ ಸುದ್ದಿಯನ್ನೆಲ್ಲ ನಾನೇ ಸಂಗ್ರಹಿಸಿ ಕಳಿಸಬೇಕೆಂದು ಬರೆದರು. ಒಪ್ಪಿಕೊಂಡೆ. ನಾನು ಹಾಕಿದ್ದು ಒಂದೇ ಷರತ್ತು: ನಡೆದದ್ದನ್ನು ಮಾತ್ರ ಬರೆಯುತ್ತೇನೆ, ಅದೂ ಖಚಿತಪಡಿಸಿಕೊಂಡ ಮೇಲೆ. ಅಲಹಾಬಾದಿನಲ್ಲಿದ್ದ ಒಬ್ಬ ಬ್ಯಾಂಕ್ ಅಧಿಕಾರಿ ತನಗೆ ಬಡ್ತಿಯಾಗಿದೆ ಎಂದು ತಿಳಿಸಿದಾಗ ಆದೇಶದ ಪ್ರತಿ ಕಳಿಸಿ ಎಂದು ಕೇಳಿದೆ. ಆತ ಆಮೇಲೆ ನನ್ನೊಡನೆ ಪತ್ರವ್ಯವಹಾರ ಇಟ್ಟುಕೊಳ್ಳಲಿಲ್ಲ. ಹಾಗಾಗಿ ನನ್ನ ಪಾಲಿಗೆ ಉಳಿದವರು ಪದ್ಮಾವತಿ ಟೀಚರ್ ಒಬ್ಬರೇ.

ಟೀಚರ್ ಎಪ್ಪತ್ತು ದಾಟಿದವರು. ಹುಡುಗಿಯರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅದೇ ಕಾಲೇಜಿನಲ್ಲಿ ಬಿ.ಎ. ಓದಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಕಾಶಿವಾಸಕ್ಕೆಂದು ಬಂದವರು. ಅಸ್ಸಿಯ ಹತ್ತಿರ ಕರ್ನಾಟಕದವರದೊಂದು ಮಠವಿದೆ. ಅದರ ಹಿಂದಿನ ಕಟ್ಟಡದಲ್ಲಿ ಊರ ಕಡೆಯ ವೃದ್ಧರಿಗೆ ಕೋಣೆ ಕೊಡುತ್ತಾರೆ. ಕರಾರು ಒಂದೇ: ಕೊನೆಯುಸಿರಿನ ತನಕ ಕಾಶಿಯ ಗಡಿ ದಾಟುವುದಿಲ್ಲ ಎಂದು ಸಂಕಲ್ಪ ಮಾಡಬೇಕು. ದಾಟಿದರೆ ಕೋಣೆ ಬೇರೆಯವರಿಗೆ. ಕಾಯುವವರ ಸಾಲು ಉದ್ದವಾಗಿಯೇ ಇತ್ತು, ಏಕೆಂದರೆ ಕೋಣೆ ಹಿಡಿದವರು ಗಂಗೆಯ ಗಾಳಿಗೋ ಏನೋ ಬೇಗ ಖಾಲಿಮಾಡುತ್ತಿರಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಟೀಚರ್ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಹೊಸ ಪತ್ರಿಕೆಯನ್ನು ಮೇಜಿನ ಮೇಲೆ ಹಾಕಿದರು. ಒಂದು ಕಡೆ ಪೆನ್ಸಿಲಿನ ಗೆರೆ ಇತ್ತು. ಅವರ ಹಾಸ್ಟೆಲಿನ ಕೋಣೆಯ ಗೆಳತಿ ಫ್ಲೋರಿನ್ ಬಗ್ಗೆ ಬಂದಿದ್ದ ಸುದ್ದಿ ಅದು. ಫ್ಲೋರಿನ್ ಈ ವರ್ಷ ರೋಮಿಗೆ ಹೋಗಿ ಬಂದಿದ್ದರು, ಪಿಯಾನೊ ಕಲಿಯಲು ಆರಂಭಿಸಿದ್ದರು, ಕೇಕ್ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಾಗಿದ್ದರು. ಅದರ ಮೇಲೆಯೇ, ಅಕ್ಷರಾನುಕ್ರಮದ ದೆಸೆಯಿಂದ, ನಾನು ಕಳಿಸಿದ ಸಾಲು: ‘ಪದ್ಮಾವತಿ ಕಾಶಿಯಲ್ಲಿದ್ದಾರೆ.’

“ಇದೆಂತ ಮಾರಾಯ? ಕಳೆದ ವರ್ಷವೂ ಇದೇ, ಅದರ ಹಿಂದಿನ ವರ್ಷವೂ ಇದೇ. ವಿಶ್ವನಾಥನೂ ಕಾಶಿಯಲ್ಲಿದ್ದಾನೆ. ಅವನ ಸುದ್ದಿ ಯಾರಾದರೂ ಹಾಕ್ತಾರಾ?”

“ನೀವು ಕಾಶಿಯಲ್ಲೇ ಇದ್ದೀರಲ್ಲ ಟೀಚರೇ. ಬೇರೆ ಏನು ನಡೆದಿದೆ ಹೇಳಿ, ಬರೆಯುತ್ತೇನೆ.”

“ಅಧ್ಯಾತ್ಮ ಸಾಧನೆಯಲ್ಲಿ ತುಂಬ ಮುಂದುವರಿದಿದ್ದಾರೆ ಅಂತ ಬರಿ.”

“ಅದಕ್ಕೆ ಪುರಾವೆ?”

“ಪುರಾವೆ ಬೇಕಾದರೆ ನಾನು ಸಾಯಬೇಕು ಮಾರಾಯ. ಆಮೇಲೆ ಫ್ಲೋರಿನ್ ಓದಿ ಎಂತ ಪ್ರಯೋಜನ?”

ಸಾವೂ ಒಂದು ಸುದ್ದಿಯೇ, ಆದರೆ ಅದು ಬೇರೆ ಅಂಕಣಕ್ಕೆ ಹೋಗುತ್ತದೆ ಎಂದು ವಿವರಿಸಿದೆ. ನಮ್ಮ ವೃತ್ತಿಯಲ್ಲಿ ಇಂಥ ವಿವರಣೆಗಳಿಂದ ಯಾರಿಗೂ ಸಮಾಧಾನವಾದದ್ದಿಲ್ಲ. ಟೀಚರ್ ಪತ್ರಿಕೆಯನ್ನು ಮಡಚಿ ಕೈಗೆತ್ತಿಕೊಂಡರು. ಕೊನೆಗೆ, “ನಡೆದರೆ ಬರೀತಿ ಅಲ್ವಾ?” ಎಂದರು. ಬರೆಯುತ್ತೇನೆ ಎಂದೆ. “ಸರಿ. ನಡೆಸ್ತೇನೆ,” ಎಂದು ಎದ್ದು ಹೋದರು. ಸಂಪಾದಕ ವರ್ಗದವರ ಬಾಯಿಂದ ಬರುವ ಮಾತುಗಳಿಗೆ ಇಂಥ ಪರಿಣಾಮವೂ ಆಗಬಹುದೆಂದು ನಾನು ಎಣಿಸಿರಲಿಲ್ಲ.

ನಾಲ್ಕೈದು ದಿನಗಳಲ್ಲಿ ಮಠದ ವ್ಯವಸ್ಥಾಪಕರಾದ ರುದ್ರಯ್ಯನವರು ಏದುಸಿರು ಬಿಡುತ್ತ ಬಂದರು. ಧಾರವಾಡ ಕಡೆಯವರು, ಒಳ್ಳೆಯವರು, ತಾವೂ ಸಂಕಲ್ಪ ಮಾಡಿ ಇಪ್ಪತ್ತು ವರ್ಷಗಳಿಂದ ಗಡಿ ದಾಟದವರು. “ಸಾಹೇಬ್ರ, ಏನ್ ಹೇಳ್ಲಿ! ಅಕ್ಕೋರು ದೋಣಿ ಹೊಡ್ಯಾಕ ನಿಂತಾರ್ರೀ! ದಿನಾ ಮುಂಜಾನೆ ಘಾಟಿಗೆ ಹೋಗಿ ಆ ಅಂಬಿಗ ಭೋಲಾನ ಕೈಯಾಗಿಂದ ಹುಟ್ಟು ಕಸಗೋತಾರ. ಗಂಗೀ ದಾಟತೀನಿ ಅಂತಾರ. ಇಲ್ಲಿಗೆ ಬರೋರು ಸಾಯಾಕ ಬರ್ತಾರ್ರೀ, ಕಸರತ್ತಿಗಲ್ಲ!”

ದಾಟುವುದರಲ್ಲಿ ನಿಜವಾದ ತೊಡಕಿತ್ತು. ಅಸ್ಸಿಯ ಎದುರಿನ ಆಚೆ ದಡ ಬರೀ ಮರಳು. ಅದು ಕಾಶಿಯ ಗಡಿಯ ಹೊರಗೆ. ಈಚೆ ಸತ್ತವರಿಗೆ ಮೋಕ್ಷ, ಆಚೆ ಸತ್ತವರಿಗೆ ಕತ್ತೆಯ ಜನ್ಮ ಎಂಬುದು ಇಲ್ಲಿಯವರ ಗಟ್ಟಿ ನಂಬಿಕೆ. ಟೀಚರ್ ಆಚೆ ಕಾಲಿಟ್ಟರೆ ದೊಡ್ಡ ಸ್ವಾಮಿಗಳಿಗೆ ವರದಿ ಮಾಡಿ ಕೋಣೆ ಬಿಡಿಸಬೇಕಾಗುತ್ತದೆ ಎಂದು ರುದ್ರಯ್ಯನವರು ದುಃಖದಿಂದಲೇ ಹೇಳಿದರು. ಕೋಣೆ ಹೋದರೆ ಟೀಚರಿಗೆ ಬೇರೆ ನೆಲೆಯಿರಲಿಲ್ಲ. ಊರಿನ ಮನೆ ಮಾರಿಯೇ ಬಂದಿದ್ದರು. ನಾನು ಗಾಬರಿಯಾಗಿ ಆ ಸಂಜೆಯೇ ಹೋಗಿ, ಬೇಡ ಟೀಚರೇ, ಕೋಣೆ ಹೋಗುತ್ತದೆ, ಮೇಲಾಗಿ ಏನಾದರೂ ಆದರೆ ಕತ್ತೆಯ ಜನ್ಮವಂತೆ ಎಂದೆ.

“ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವಳು ನಾನು. ಅದಕ್ಕಿಂತ ದೊಡ್ಡ ಕತ್ತೆ ಜನ್ಮ ಉಂಟಾ?” ಎಂದರು. ಆಮೇಲೆ ತುಸು ಮೆಲ್ಲಗೆ, “ನನ್ನ ತಂದೆಯ ಮನೆ ಕಡವಿನ ಹತ್ತಿರ ಇದ್ದದ್ದು. ದೋಣಿಯಲ್ಲೇ ಹೊಳೆ ದಾಟಿ ಶಾಲೆಗೆ ಹೋದವಳು. ಫ್ಲೋರಿನ್‌ಗೆ ದೋಣಿ ಹತ್ತಲಿಕ್ಕೇ ಹೆದರಿಕೆ. ಕಾಶಿಯಲ್ಲಿದ್ದಾರೆ ಅಂತ ಓದಿ ಅವಳು ನಾನು ಮೂಲೆಯಲ್ಲಿ ಜಪಮಣಿ ಹಿಡಿದು ಮುದುಡಿದ್ದೇನೆ ಅಂತ ಎಣಿಸಿರ್ತಾಳೆ. ನನಗೆ ಅದು ಆಗುದಿಲ್ಲ ಮಾರಾಯ. ನಾಳೆ ಬೆಳಿಗ್ಗೆ ಬಾ. ನೀನು ಕಣ್ಣಾರೆ ನೋಡದೆ ಬರೆಯುವವ ಅಲ್ಲವಲ್ಲ.”

ನೋಡುವುದಾದರೆ ದಡದ ಮೇಲಿನಿಂದಲೂ ನೋಡಬಹುದಿತ್ತು. ಆದರೆ ಹುಟ್ಟು ಹಾಕಿದ್ದು ಯಾರು ಎಂದು ಅಷ್ಟು ದೂರದಿಂದ ಖಚಿತವಾಗುವುದಿಲ್ಲ ಎಂಬ ವೃತ್ತಿಶಿಸ್ತಿನ ಹುಳ ನನ್ನನ್ನು ದೋಣಿಯೊಳಗೆ ಕೂರಿಸಿತು. ಸಮುದ್ರದ ಪಕ್ಕದ ಊರಿನಲ್ಲಿ ಹುಟ್ಟಿಯೂ ನನಗೆ ಈಜು ಬಾರದು. ಈ ಸಂಗತಿಯನ್ನು ಯಾವ ಪತ್ರಿಕೆಗೂ ನಾನು ಕಳಿಸಿರಲಿಲ್ಲ. ಟೀಚರ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹಲಗೆಯ ಮೇಲೆ ಕೂತು ಎರಡೂ ಹುಟ್ಟು ಹಿಡಿದರು. ಅಂಬಿಗ ಭೋಲಾ ಕೈಕಟ್ಟಿ ಹಿಂದೆ ಕೂತ. ಮೆಟ್ಟಿಲ ಮೇಲೆ ರುದ್ರಯ್ಯನವರು ಒಂದು ತಾಮ್ರದ ತಂಬಿಗೆ ಹಿಡಿದು ನಿಂತಿದ್ದರು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ನಡುಹೊಳೆಗೆ ಬರುವಾಗ ಗಾಳಿ ಎದ್ದಿತು. ದೋಣಿ ಒಂದು ಬದಿಗೆ ತಿರುಗಿ ಓಲಾಡತೊಡಗಿತು. “ಏ ಮಾಈ, ಚಪ್ಪೂ ಹಮ್ಕೆ ದಾ!” ಎಂದು ಭೋಲಾ ಹುಟ್ಟಿಗೆ ಕೈಚಾಚಿದ. ಟೀಚರ್ ಕೊಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಏನಾಯಿತೆಂದು ತಣ್ಣಗೆ ವರದಿ ಮಾಡುವುದಾದರೆ: ಮನೆಯಲ್ಲಿ ಅಜ್ಜಿ ಹೇಳಿಕೊಟ್ಟ ಯಾವ ಸ್ತೋತ್ರವೂ ಬಾಯಿಗೆ ಬರಲಿಲ್ಲ. ಕಾಲೇಜಿನಲ್ಲಿ ದಿನವೂ ಬೆಳಗಿನ ಸಭೆಯಲ್ಲಿ ಸಾಲಾಗಿ ನಿಂತು ಹೇಳುತ್ತಿದ್ದ ಪ್ರಾರ್ಥನೆ ಬಂತು, ಅದೂ ಗಟ್ಟಿಯಾಗಿ. ಅಭ್ಯಾಸಬಲದಿಂದ ನಾನು ಎದ್ದು ನಿಂತಿದ್ದೆ.

“ನಿಲ್ಲಬೇಡ ಮಾರಾಯ!” ಎಂದು ಟೀಚರ್ ಹೆಡ್‌ಮಿಸ್ಟ್ರೆಸ್ ದನಿಯಲ್ಲಿ ಗದರಿದರು. “ಕೂತು ಹೇಳಿದರೂ ಅವನಿಗೆ ಕೇಳ್ತದೆ!”

“ಬಾಬೂ ಕವನ್ ಮಂತರ್ ಪಢತ್ ಹಉವನ್?” ಎಂದು ಭೋಲಾ ಕೇಳಿದ, ಬಾಬು ಹೇಳುತ್ತಿರುವುದು ಯಾವ ಮಂತ್ರವೋ ತನಗೂ ಉಪಯೋಗಕ್ಕೆ ಬಂದೀತೆಂಬಂತೆ.

“ಹಮಾರೆ ಕಾಲೇಜ್ ಕಾ ಹೈ,” ಎಂದು ಟೀಚರ್ ಹೇಳಿ, ಎರಡು ಬಲವಾದ ಎಳೆತದಲ್ಲಿ ದೋಣಿಯನ್ನು ನೇರ ಮಾಡಿದರು. ಸ್ವಲ್ಪ ಹೊತ್ತಿಗೆ ಮರಳು ಗರಗರ ಸವರಿತು. ದಾಟಿದ್ದರು. ಯಾರ ಸಹಾಯವೂ ಇಲ್ಲದೆ, ಪೂರ್ತಿ, ಅವರೇ. ನಾನು ಸಾಕ್ಷಿ.

ದಡಕ್ಕೆ ಇಳಿದ ಟೀಚರ್ ನಾಲ್ಕು ಹೆಜ್ಜೆ ನಡೆದು ಮರಳಿನ ಮೇಲೆ ಕೂತರು. ಮೊಣಕಾಲು ಹಿಡಿದುಕೊಂಡಿತ್ತು. ಕಾಲು ಚಾಚಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ನೆಲಗಡಲೆ ಬಿಚ್ಚಿ, ನನಗೂ ಭೋಲಾನಿಗೂ ಕೊಟ್ಟು ತಿನ್ನತೊಡಗಿದರು. ಆದರೆ ಆಚೆಯ ಮೆಟ್ಟಿಲಿನಿಂದ ನೋಡುವವರಿಗೆ ಕಂಡದ್ದು, ವಯಸ್ಸಾದ ಹೆಂಗಸು ಮರಳಿನ ಮೇಲೆ ಕುಸಿದು ಏಳದೇ ಇರುವುದು ಮಾತ್ರ. ನೋಡನೋಡುತ್ತ ಇನ್ನೊಂದು ದೋಣಿ ನಮ್ಮತ್ತ ಬಂತು. ಮುಂದೆ ರುದ್ರಯ್ಯನವರು ತಂಬಿಗೆ ಎತ್ತಿ ಹಿಡಿದು ಕೂಗುತ್ತಿದ್ದರು.

“ಅಕ್ಕೋರ! ಜೀವಾ ಗಟ್ಟಿ ಹಿಡಕೊಳ್ರೀ! ಇಲ್ಲಿ ಬಿಡಬ್ಯಾಡ್ರೀ! ಆ ದಂಡಿಗೆ ಬಂದು ಆರಾಮಾಗಿ ಬಿಡ್ರೀ!”

ದೋಣಿ ನಿಲ್ಲುವ ಮೊದಲೇ ನೆಗೆದು, ಮರಳಿನಲ್ಲಿ ಓಡಿಬಂದು, ತಂಬಿಗೆಯ ಗಂಗಾಜಲವನ್ನು ಟೀಚರ್ ಬಾಯಿಯ ಹತ್ತಿರ ಹಿಡಿದರು. ಟೀಚರ್ ಬಾಯಲ್ಲಿದ್ದ ನೆಲಗಡಲೆ ಜಗಿದು ಮುಗಿಸಿ, ತಂಬಿಗೆ ತೆಗೆದುಕೊಂಡು ನೀರು ಕುಡಿದು, “ಬಾಯಾರಿತ್ತು. ಉಪಕಾರವಾಯಿತು,” ಎಂದರು. ಮತ್ತೆ ರುದ್ರಯ್ಯನವರ ಕಾಲುಗಳನ್ನು ನೋಡಿ, “ನೀವೆಂತಕ್ಕೆ ಇಳಿದದ್ದು? ನಿಮ್ಮದೂ ಸಂಕಲ್ಪ ಉಂಟಲ್ಲ?” ಎಂದರು.

ರುದ್ರಯ್ಯನವರು ಕೆಳಗೆ ನೋಡಿಕೊಂಡರು. ಪಾದಗಳು ಮರಳಿನಲ್ಲಿ ಹೂತಿದ್ದವು. ಬೆಚ್ಚಿಬಿದ್ದು ಒಂದು ಕಾಲು ಮೇಲೆತ್ತಿದರು. ಇನ್ನೊಂದನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಕೊಕ್ಕರೆಯಂತೆ ನಿಂತರು. ವಾಪಸಿನ ದಾರಿಯಲ್ಲಿ ಹುಟ್ಟು ಭೋಲಾನ ಕೈಯಲ್ಲಿತ್ತು.

ಮರುದಿನ ಇಬ್ಬರೂ ನನ್ನ ಕಚೇರಿಯಲ್ಲಿದ್ದರು. ರುದ್ರಯ್ಯನವರು ಪ್ರಸಾದದ ಉಂಡೆ ತಂದಿದ್ದರು. “ಅಕ್ಕೋರ ಬಗ್ಗೆ ನಾ ಏನೂ ವರದಿ ಮಾಡಾಂಗಿಲ್ಲರೀ, ಅವರ ಕೋಣಿ ಅವರದ. ಮಠಕ್ಕ ಬರೋ ಅಂಚೀ ಒಡಿಯಾಂವ ನಾನ. ಆ ಪತ್ರಿಕಿ ಸ್ವಾಮಿಗಳ ತನಕಾ ಹೋಗಾಂಗಿಲ್ಲ. ಆದರ ಯಾರರ ಓದಿ ಬಾಯಿಬಿಟ್ರ? ನನ್ನ ಹೆಸರು ಮಾತ್ರ ಹಾಕಬ್ಯಾಡ್ರೀ,” ಎಂದು ಕೈಮುಗಿದರು.

ನಾನು ನೆಟ್ಟಗೆ ಕೂತೆ. ನಡೆದದ್ದನ್ನು ಬಿಟ್ಟು ಬರೆಯುವುದು ನನ್ನ ಪದ್ಧತಿಯಲ್ಲ, ಒಬ್ಬರಿಗಾಗಿ ಒಂದು ಸಂಗತಿ ಬಿಟ್ಟರೆ ನಾಳೆ ಇನ್ನೊಬ್ಬರಿಗಾಗಿ ಇನ್ನೊಂದು ಬಿಡಬೇಕಾಗುತ್ತದೆ, ಓದುಗರಿಗೆ ನಾವು ಉತ್ತರ ಕೊಡಬೇಕಾದವರು ಎಂದೆಲ್ಲ ಚಿಕ್ಕ ಭಾಷಣ ಮಾಡಿದೆ. ಟೀಚರ್ ಗಮನವಿಟ್ಟು ಕೇಳಿದರು.

“ಸರಿಯಾದ ಮಾತು,” ಎಂದರು. “ಎಲ್ಲ ಹಾಕು. ನಡುಹೊಳೆಯಲ್ಲಿ ನೀನು ಎದ್ದು ನಿಂತು ಬೊಬ್ಬೆ ಹೊಡೆದು ಪ್ರಾರ್ಥನೆ ಹೇಳಿದ್ದೂ ನಡೆದದ್ದೇ ಅಲ್ವಾ? ಅದನ್ನೂ ಹಾಕು.”

ಕೆಳಗಿನ ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕಿತ್ತ ಸದ್ದು ಸ್ಪಷ್ಟವಾಗಿ ಕೇಳಿಸಿತು. ನಮ್ಮ ವೃತ್ತಿಯಲ್ಲಿ ಸತ್ಯಕ್ಕೂ ಸುಳ್ಳಿಗೂ ನಡುವೆ ಸ್ಥಳಾಭಾವ ಎಂಬ ಗೌರವಸ್ಥ ಕಾರಣವೊಂದಿದೆ. ಮಂತ್ರಿಗಳ ಭಾಷಣದಿಂದ ಹಿಡಿದು ಫುಟ್‌ಬಾಲ್ ಪಂದ್ಯದವರೆಗೆ ಎಲ್ಲವನ್ನೂ ಅದು ಕತ್ತರಿಸಿದೆ. ಫಾದರ್ ಕೊಡುವುದೇ ಎರಡು ಸಾಲು, ಅದರಲ್ಲಿ ಜೊತೆಗಿದ್ದವರ ವಿವರಗಳಿಗೆ ಜಾಗವೆಲ್ಲಿ ಎಂದೆ. ‘ಪದ್ಮಾವತಿ ಈ ವರ್ಷ ಗಂಗಾ ನದಿಯನ್ನು ಒಬ್ಬರೇ ಹುಟ್ಟು ಹಾಕಿ ದಾಟಿದರು’ ಎಂದು ಟೈಪ್ ಮಾಡಿದೆ. ರುದ್ರಯ್ಯನವರು ಉಂಡೆಗಳ ಪೊಟ್ಟಣವನ್ನು ನನ್ನತ್ತ ಇನ್ನಷ್ಟು ಸರಿಸಿದರು. ಟೀಚರ್ ಆ ಹಾಳೆಯನ್ನು ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಅವರ ಮುಖ ಕಂಡು, ವರ್ಷಗಳಿಂದ ಟೆಲಿಪ್ರಿಂಟರಿನಲ್ಲಿ ಕಳಿಸಿದ ಸುದ್ದಿಗಳಲ್ಲಿ ಒಂದಾದರೂ ಯಾರಿಗಾದರೂ ಇಷ್ಟು ಬೇಕಾಗಿತ್ತೇ ಎಂದು ಯೋಚಿಸಿದೆ.

ಸುದ್ದಿ ಮುದ್ರಣವಾಯಿತು. ಟೀಚರಿಗೆ ಕಾಲೇಜಿನ ಹಳೆ ವಿದ್ಯಾರ್ಥಿಗಳಿಂದ ಕಾಗದಗಳು ಬಂದವು. ಫ್ಲೋರಿನ್ ಉದ್ದದ ಕಾಗದ ಬರೆದರು, ಟೀಚರ್ ಅದಕ್ಕಿಂತ ಉದ್ದದ ಉತ್ತರ ಬರೆದರು. ಅದರಲ್ಲಿ ಏನಿತ್ತೆಂದು ನನಗೆ ತಿಳಿದದ್ದು ಮುಂದಿನ ವರ್ಷದ ಪತ್ರಿಕೆ ಬಂದಾಗ. ನಾನೂ ಎಲ್ಲರಂತೆ ಹಿಂದಿನಿಂದ ಓದಿದೆ. ಫ್ಲೋರಿನ್ ಅವರ ಸುದ್ದಿಗೆ ಫಾದರ್ ಐದು ಸಾಲು ಕೊಟ್ಟಿದ್ದರು: ‘ಗಂಗೆಯ ನಡುವೆ ಅಲೆಗಳು ಎದ್ದಾಗ ಅಲ್ಲಿಯ ಪತ್ರಕರ್ತರೂ ನಮ್ಮ ಹಳೆ ವಿದ್ಯಾರ್ಥಿಯೂ ಆದ ಒಬ್ಬರು ದೋಣಿಯಲ್ಲಿ ಎದ್ದು ನಿಂತು, ಕಣ್ಣು ಮುಚ್ಚಿ, ನಮ್ಮ ಕಾಲೇಜಿನ ಪ್ರಾರ್ಥನೆಯನ್ನು ಗಟ್ಟಿಯಾಗಿ, ಪೂರ್ತಿಯಾಗಿ ಹೇಳಿದರೆಂದು ಗೆಳತಿಯಿಂದ ತಿಳಿದು ಫ್ಲೋರಿನ್ ಸಂತೋಷಪಟ್ಟಿದ್ದಾರೆ.’

ಪತ್ರಿಕೆ ಹಿಡಿದು ನೇರವಾಗಿ ಮಠಕ್ಕೆ ಹೋದೆ. “ರುದ್ರಯ್ಯನವರ ವಿಷಯ ಅವರಿಗೆ ಬರೆಯಲಿಲ್ಲವಾ ಟೀಚರೇ?” ಎಂದೆ.

“ಅವರು ನನಗೆ ಕೋಣೆ ಕೊಟ್ಟವರು ಮಾರಾಯ. ನೀನೆಂತ ಕೊಟ್ಟದ್ದು? ಒಂದೂವರೆ ಸಾಲು.”

ಆ ವರದಿಯಲ್ಲಿ ತಪ್ಪು ಹುಡುಕುತ್ತ ಒಂದು ವಾರ ಕಳೆದೆ. ಒಂದು ಸಿಕ್ಕಿತು. ನಾನು ಪ್ರಾರ್ಥನೆಯನ್ನು ಪೂರ್ತಿಯಾಗಿ ಹೇಳಿರಲಿಲ್ಲ. ಹೆದರಿಕೆಯಲ್ಲಿ ಎರಡನೆಯ ಅರ್ಧ ಮರೆತು, ಮೊದಲನೆಯದನ್ನೇ ದಡ ಮುಟ್ಟುವ ತನಕ ಮತ್ತೆ ಮತ್ತೆ ಹೇಳಿದ್ದೆ. ಇಂಥ ತಪ್ಪುಗಳನ್ನು ಉಳಿಯಗೊಡಬಾರದು ಎಂದು ಹೊಸಬರಿಗೆ ನಾನೇ ಹೇಳಿಕೊಟ್ಟವನು. ತಿದ್ದುಪಡಿಯನ್ನು ಟೈಪ್ ಮಾಡಿಯೂ ಆಗಿದೆ, ಸ್ಪಷ್ಟವಾಗಿ, ಎರಡೇ ಸಾಲಿನಲ್ಲಿ. ಕಳಿಸುವುದೊಂದು ಬಾಕಿ.