ಸೂಜಿ ನಿಲ್ಲುವ ದಿಂಬು

ಗುಂಡುಸೂಜಿ ನೆಟ್ಟಗೆ ನಿಲ್ಲಲಿಲ್ಲ; ಆದದ್ದು ಅಷ್ಟೇ. ನರಸಿಂಗ ಹೊತ್ತು ತಂದಿದ್ದ ಹತ್ತಿಯ ದಿಂಬಿಗೆ ಗಜಾಲಾ ಟೀಚರು ಚುಚ್ಚಿದ ಸೂಜಿ, ಕೀರ್ತನೆಯಲ್ಲಿ ತೂಕಡಿಸುವ ಮುದುಕನಂತೆ ಮೆಲ್ಲಗೆ ವಾಲಿ ಮಲಗಿಬಿಟ್ಟಿತು.

"ಇದ್ರ ಮ್ಯಾಲ ಲೇಸ್ ಹ್ಯಾಂಗ ಹೆಣೀತೀರಿ ಅಣ್ಣಾ? ಸೂಜಿ ಸುತ್ತ ದಾರ ಜಗ್ಗಬೇಕು. ದಿಂಬು ಕಲ್ಲಿನಂಗ ಇರಬೇಕು. ನಾಳಿ ನಾಕರೊಳಗ ಬ್ಯಾರೇದು ತರ್ರಿ. ಉಳಿದಿದ್ದು ಒಂದ ಜಾಗ."

ಆ ಒಂದು ಜಾಗವೇ ನರಸಿಂಗನಿಗೆ ಬೇಕಿತ್ತು. ಬಣವೆಯಿಂದ ಬಿದ್ದ ಮೇಲೆ ಅವನ ಬೆನ್ನು ಬಗ್ಗುತ್ತಿರಲಿಲ್ಲ, ಕೂಲಿಗೆ ಯಾರೂ ಕರೆಯುತ್ತಿರಲಿಲ್ಲ. ಕೂತು ಮಾಡುವ ಕೆಲಸ ಸಿಗದಿದ್ದರೆ ಎಪ್ಪತ್ತರ ತಾಯಿ ಸುಮನಬಾಯಿ ಕಳೆ ತೆಗೆಯಲು ಹೋಗಬೇಕು. ಹುಮನಾಬಾದಿನ ಆ ಲೇಸ್ ತರಗತಿಯಲ್ಲಿ ಹನ್ನೊಂದು ಹೆಂಗಸರ ನಡುವೆ ಕೂರಲು ಅವನಲ್ಲಿ ನಾಚಿಕೆಯೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ತಾಯಿ ಮಾಣಿಕನಗರಕ್ಕೆ ಪ್ರಭುವಿನ ದರ್ಶನಕ್ಕೆ ಹೋದಳು. ಮಗ ಬಸವಕಲ್ಯಾಣದ ಪೇಟೆಯಲ್ಲಿ ಕಂಡದ್ದಕ್ಕೆಲ್ಲ ಸೂಜಿ ಚುಚ್ಚುತ್ತ ತಿರುಗಿದ. ಕಟ್ಟಿಗೆ ಅಡ್ಡೆಯ ಮರದ ಪುಡಿ ಹಸಿಯಾಗಿತ್ತು, ಸೂಜಿಗೆ ತುಕ್ಕು ಹಿಡಿಯುತ್ತದೆ. ಕುರಿಯ ಉಣ್ಣೆ ಒತ್ತಿದಷ್ಟೂ ಪುಟಿಯಿತು. ಒಣಹುಲ್ಲನ್ನು ಬಿಗಿಯಾಗಿ ಹಿಂಡಿ ಚುಚ್ಚಿದಾಗ ಮಾತ್ರ ಸೂಜಿ ಸಲಾಮು ಹೊಡೆಯುವ ಪೊಲೀಸನಂತೆ ನಿಂತಿತು. ಒಂದು ಹೊರೆ ಕೊಂಡ. ಬಿಗಿಯಲು ಸುತಳಿ, ದಾರ ಸುತ್ತುವ ಕಡ್ಡಿಗಳಿಗೆಂದು ಎರಡು ಉದ್ದನೆಯ ಬಿದಿರು. ಕಡೆಗೆ ಹೊದಿಕೆಗೆಂದು ಗುಂಡಪ್ಪನ ಅಂಗಡಿಯಲ್ಲಿ ಕೋರಾ ಬಟ್ಟೆ ಕೇಳಿದ.

ಗುಂಡಪ್ಪ ಹುಲ್ಲು ನೋಡಿದ, ಸುತಳಿ ನೋಡಿದ, ಬಿದಿರು ನೋಡಿದ. ಎತ್ತಿಕೊಂಡ ಕತ್ತರಿ ಕೆಳಗಿಟ್ಟು ಬಟ್ಟೆಯನ್ನು ಕೈಯಿಂದಲೇ ಹರಿದ.

"ಎಷ್ಟೊತ್ತಿಗಿ, ನರಸಿಂಗಾ?"

"ನಾಕರೊಳಗ ಮುಗೀಬೇಕ್ರಿ."

"ಅವ್ವನ ಸಲುವಾಗಿ ಭಾಳ ಮಾಡ್ದಿ ಬಿಡಪಾ."

"ಇದೂ ಅವ್ವನ ಸಲುವಾಗೇ ಅದರಿ."

ಗುಂಡಪ್ಪ ಕಣ್ಣೊರೆಸಿಕೊಂಡು ಅವನ ಓಣಿಯವರಿಗೆ ಫೋನ್ ಹಚ್ಚಿದ.

ಆಟೊ ಓಣಿ ಸೇರುವಷ್ಟರಲ್ಲಿ ಮನೆಯ ಮುಂದೆ ಮಂದಿ ನೆರೆದಿತ್ತು. ನೆರೆಮನೆಯ ಚಂದಮ್ಮ ಅವನ ತಲೆಯನ್ನು ಹೆಗಲಿಗೊತ್ತಿಕೊಂಡು ಅತ್ತಳು. "ಸುಮನಕ್ಕನ್ನ ದವಾಖಾನಿಂದ ಇನ್ನಾ ತಂದಿಲ್ಲೇನೋ ತಮ್ಮಾ?"

ಅವಳ ಸೆರಗಿನಿಂದ ಬಾಯಿ ಬಿಡಿಸಿಕೊಂಡು ನರಸಿಂಗ ಕೂಗಿದ: "ಇದು ದಿಂಬಿಗಿ!"

"ದಿಂಬೂ ಇಡೂಣು. ದುಃಖದಾಗ ಹಂಗೇ ಆಗ್ತದ. ನೀ ಸುಮ್ಮ ಕೂಡು."

ಗಂಡಸರು ಬಿದಿರು ಕಡಿದು, ಸುತಳಿ ಬಿಗಿದು, ಹುಲ್ಲು ಹಾಸಿ ಚಟ್ಟ ಕಟ್ಟಿಯೇಬಿಟ್ಟರು. ಅವನ ಯಾವ ಕಷ್ಟಕ್ಕೂ ಆ ಕೈಗಳು ಇಷ್ಟು ಚುರುಕಾಗಿ ಒದಗಿದ್ದಿಲ್ಲ.

ಹನ್ನೆರಡರ ಹೊತ್ತಿಗೆ ಸುಮನಬಾಯಿ ಪ್ರಸಾದ ಹಿಡಿದು ಬಂದಳು. ಬಾಗಿಲಲ್ಲಿ ಚಟ್ಟ ಕಂಡದ್ದೇ "ನನ್ನ ಮಗನೇ!" ಎಂದು ಅದರ ಮೇಲೆಯೇ ಬಿದ್ದಳು. ಅಳುತ್ತಿದ್ದ ಬಾಯಿಗಳೆಲ್ಲ ತೆರೆದಂತೆಯೇ ನಿಂತವು.

"ಸತ್ತಿಲ್ಲಂದ್ರ ಮೊದ್ಲೇ ಹೇಳಾಕ ಏನಾಗಿತ್ತೋ ನಿನಗ?" ಚಂದಮ್ಮ ಗದರಿದಳು. "ಒಲಿ ಮ್ಯಾಲ ಬ್ಯಾಳಿ ಬಿಟ್ಟು ಬಂದೀನಿ ನಾ!"

ಮಂದಿ ಬೈಯುತ್ತ ಚದುರಿತು. ಬೇರೆ ಹುಲ್ಲು ತರಲು ಹೊತ್ತಿರಲಿಲ್ಲ. ತಾಯಿ ಮಗ ಚಟ್ಟ ಬಿಚ್ಚಿ, ಆ ಹುಲ್ಲನ್ನೇ ಕತ್ತರಿಸಿ, ಕೋರಾ ಚೀಲಕ್ಕೆ ತುಂಬಿ ಜಡಿದರು. ಒಂದೊಂದು ಹೊಲಿಗೆಗೂ ಸುಮನಬಾಯಿ ಪ್ರಭುವಿನ ಹೆಸರು ಹೇಳಿದಳು.

ನರಸಿಂಗ ದಿಂಬು ಹೊತ್ತು ತರಗತಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗಜಾಲಾ ಸೂಜಿ ಚುಚ್ಚಿ ದಾರ ಜಗ್ಗಿದರು. ಸೂಜಿ ಅಲುಗಲಿಲ್ಲ.

"ವಾಹ್! ಕೂಡ್ರಿ ಅಣ್ಣಾ. ಜಾಗ ನಿಮ್ದ."

ಹನ್ನೊಂದು ಹೆಂಗಸರೂ ಸುತ್ತ ನೆರೆದು ದಿಂಬು ಒತ್ತಿ ನೋಡಿದರು. "ಇಂಥಾ ಹುಲ್ಲು ಎಲ್ಲಿ ಸಿಕ್ತರಿ?" ಎಂದಳು ಅವರಲ್ಲೊಬ್ಬಳಾದ ರತ್ನಮಾಲಾ.

ದೇವರ ಹೆಸರಿನಲ್ಲಿ ಹೊಲಿದದ್ದರ ಬಗ್ಗೆ ಸುಳ್ಳಾಡಲು ನರಸಿಂಗನ ನಾಲಗೆ ಏಳಲಿಲ್ಲ.

"ಚಟ್ಟಕ್ಕ ಹಾಸಿದ್ದರಿ."

ಹನ್ನೊಂದು ಕೈಗಳು ಹಿಂದೆ ಸರಿದವು. "ಅಯ್ಯ! ಯಾರ ಸತ್ತಾರ?"

"ಯಾರೂ ಸತ್ತಿಲ್ರಿ, ದೇವರಾಣಿ! ಅದು ಖಾಲಿ ಚಟ್ಟ."

ಇನ್ನು ಎಲ್ಲ ಸರಿಹೋಯಿತೆಂದು ಅವನು ಉಸಿರುಬಿಟ್ಟ. ರತ್ನಮಾಲಾಳ ಮುಖ ಬಿಳಿಚಿತು.

"ಖಾಲಿ? ಹಂಗಾದ್ರ ಅದು ಇನ್ನಾ ಯಾರನ್ನೋ ಕಾಯಾಕತ್ತದ!"

ಯಾರ ಚಪ್ಪಲಿ ಯಾರ ಕಾಲಿಗೆ ಸಿಕ್ಕವೋ, ಅರೆಗಳಿಗೆಯಲ್ಲಿ ಕೋಣೆ ಬರಿದಾಯಿತು. ಗಜಾಲಾ ಮಾತ್ರ ನಿಂತಿದ್ದರು.

"ನಾ ಇದೆಲ್ಲಾ ನಂಬಂಗಿಲ್ಲಣ್ಣಾ," ಎಂದು ದಿಂಬಿನಿಂದ ಎರಡು ಹೆಜ್ಜೆ ದೂರ ಸರಿದರು. "ಆದ್ರ ಮನ್ಯಾಗ ಸಣ್ಣ ಮಕ್ಕಳವ." ಕೈಚೀಲ ಎತ್ತಿಕೊಂಡು ಅವರೂ ಹೊರಟುಹೋದರು.

ಒಂದೇ ಒಂದು ಜಾಗ ಬೇಡಿ ಬಂದಿದ್ದ ನರಸಿಂಗನ ಮುಂದೆ ಈಗ ಹನ್ನೆರಡು ಜಾಗಗಳು ಖಾಲಿ ಬಿದ್ದಿದ್ದವು. ಕಲಿಸುವವರು ಮಾತ್ರ ಇರಲಿಲ್ಲ.