ಬೆಕ್ಕಿಗೆ ಉಚ್ಚೆ ಕಟ್ಟಿದ ದಿನ

ಪಕ್ಕದ ಮನೆಯ ಬೀಗದಕೈ ಇಟ್ಟುಕೊಳ್ಳುವುದೆಂದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಭದ್ರಾವತಿ ಓಲ್ಡ್ ಟೌನಿನ ಗುರುಪ್ರಸಾದನಿಗೆ ಇದು ಅರ್ಥವಾದದ್ದು ಒಂದು ಭಾನುವಾರ.

"ಮದುವೆ ಮುಗಿಸಿ ಸಂಜೆ ಬಂದ್ಬಿಡ್ತೀನಿ ಗುರು. ಬೆಳಕಾದ್ಮೇಲೆ ಬಾಗಿಲು ತೆಗೆದು ನಮ್ಮ ಮುದ್ದೂಗೆ ಹಾಲು ಹಾಕು. ಅದಕ್ಕೇನಾದ್ರೂ ಆದ್ರೆ ನಾನು ಬದುಕಲ್ಲ ಮಾರಾಯ" ಎಂದು ಪಕ್ಕದ ಮನೆಯ ಜಲಜಮ್ಮ ತರೀಕೆರೆ ಬಸ್ಸು ಹತ್ತಿದ್ದರು.

ಗುರುಪ್ರಸಾದ ಹಾಲು ಹಿಡಿದು ಹೋದರೆ, ಬಿಳಿ ಬೆಕ್ಕು ಆಗಲೇ ಹೊರಗಿನ ಮರಳು ರಾಶಿಯ ಮೇಲಿದೆ. ಸರಿ, ಬೀಗ ತೆಗೆಯುವ ಕೆಲಸ ತಪ್ಪಿತೆಂದು ಬೀಗದಕೈ ಜೇಬಿಗಿಳಿಯಿತು. ಆದರೆ ಬೆಕ್ಕು ಹಾಲಿನತ್ತ ನೋಡಲೂ ಇಲ್ಲ. ಕೂರುತ್ತದೆ, ಮುಕ್ಕರಿಯುತ್ತದೆ, ಅರಚುತ್ತದೆ, ಎದ್ದು ಇನ್ನೊಂದು ಕಡೆ ಕೆರೆದು ಮತ್ತೆ ಕೂರುತ್ತದೆ.

"ಮಲ ಕಟ್ಟಿದೆ ಕಣಯ್ಯ" ಎಂದರು ಎದುರುಮನೆಯ ಜಯಪ್ಪ. "ಒಂದ್ ಚಮಚ ಹರಳೆಣ್ಣೆ ಬಿಡು."

ಎಣ್ಣೆ ಗುರುಪ್ರಸಾದನ ಅಂಗಿಗೆ ಬಿತ್ತು, ಉಗುರು ಅವನ ಕೈಗೆ ಬಿತ್ತು.

ಮೂಲೆಮನೆಯ ಮೆಹರ್ ಬಾನು ಬಗ್ಗಿ ನೋಡಿದಳು. "ಮರಳಲ್ಲಿ ಒಂದ್ ಹನಿ ಒದ್ದೆ ಇಲ್ಲ ಭಯ್ಯಾ. ಇದಕ್ಕೆ ಉಚ್ಚೆ ಕಟ್ಟಿದೆ."

"ಹಂಗಾದ್ರೆ ಕಲ್ಲೇ!" ಜಯಪ್ಪ ಕ್ಷಣದಲ್ಲಿ ಪಕ್ಷ ಬದಲಿಸಿದರು. "ನನ್ನ ಕಲ್ಲು ಹೋಗಿದ್ದು ಬಾಳೆದಿಂಡಿನ ರಸಕ್ಕೇ. ತಡಿ, ತರ್ತೀನಿ."

ಅಷ್ಟರಲ್ಲಿ ಬೆಕ್ಕು ನೊರೆ ವಾಂತಿ ಮಾಡಿ ಮಲಗಿಬಿಟ್ಟಿತು. ಗುರುಪ್ರಸಾದ ಅದನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡ. ಬಾನುವಿನ ಗಂಡ ನಿಯಾಜನ ಆಟೋದಲ್ಲಿ ಶಿವಮೊಗ್ಗದ ಪಶು ಆಸ್ಪತ್ರೆಗೆ ಹೊರಟದ್ದಾಯಿತು. ಬಾಳೆದಿಂಡಿನ ರಸದ ಬಾಟಲಿ ಸಮೇತ ಜಯಪ್ಪನವರೂ ಹತ್ತಿದರು. ಮಾಚೇನಹಳ್ಳಿ ದಾಟುವಾಗ ಬೆಕ್ಕಿನ ಸದ್ದೇ ನಿಂತಿತು. ಜನ್ಮದಲ್ಲಿ ದೇವರನ್ನು ಏನೂ ಕೇಳದಿದ್ದ ಗುರುಪ್ರಸಾದ, "ಇದೊಂದು ಸಲ ಉಚ್ಚೆ ಹೊಯ್ಯಿಸಪ್ಪಾ" ಎಂದು ಕಣ್ಣು ಮುಚ್ಚಿ ಬೇಡಿದ.

ಪಶುವೈದ್ಯೆ ಸುಪ್ರಿಯಾ ಹೊಟ್ಟೆ ಮುಟ್ಟಿ ನೋಡಿದರು. "ಮೂತ್ರಕೋಶ ಚೆಂಡಿನ ಹಾಗೆ ಬಿಗಿದಿದೆ. ಏನಾದ್ರೂ ಕುಡಿಸಿದ್ರಾ?"

ಜಯಪ್ಪ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿ, "ಏನೂ ಇಲ್ಲ ಮೇಡಂ" ಎಂದರು.

"ಸದ್ಯ! ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣ. ಹರಳು ಸಿಕ್ಕಿಕೊಂಡು ದಾರಿ ಮುಚ್ಚಿದಾಗ ಮನೆ ಮದ್ದು ನಡೆಯಲ್ಲ, ತಕ್ಷಣ ತರಬೇಕು. ನಾಳೆ ಅಂದಿದ್ರೆ ಉಳೀತಿರ್ಲಿಲ್ಲ."

ಬೆಕ್ಕಿಗೆ ಮತ್ತು ಬರುವ ಸೂಜಿ ಕೊಟ್ಟು, ಸಣ್ಣ ನಳಿಕೆ ತೂರಿಸಿದರು. ಉಚ್ಚೆ ಇಳಿದಾಗ ನಿಯಾಜ್ ಚಪ್ಪಾಳೆ ತಟ್ಟಿದ, ಜಯಪ್ಪ ಕಣ್ಣೊರೆಸಿಕೊಂಡರು. ಡ್ರಿಪ್ ಹಾಕಿದ್ದರಿಂದ ಬೆಕ್ಕು ಅಲ್ಲೇ ಉಳಿಯಿತು.

ಸಂಜೆ ಜಲಜಮ್ಮ ಬೀಗದಕೈಗಾಗಿ ಬಾಗಿಲಲ್ಲೇ ಕಾದಿದ್ದರು.

"ಗಾಬರಿ ಆಗ್ಬೇಡಿ ಜಲಜಮ್ಮ. ಮುದ್ದು ಆಸ್ಪತ್ರೇಲಿದೆ. ಜೀವಕ್ಕೇನೂ ಭಯ ಇಲ್ಲ. ಗಂಡು ಬೆಕ್ಕುಗಳಿಗೆ ಹಿಂಗಾಗುತ್ತಂತೆ..."

ಅಳಲು ಬಾಯಿ ತೆರೆದ ಜಲಜಮ್ಮ ಹಾಗೇ ನಿಂತರು. "ಗಂಡಾ? ನಮ್ ಮುದ್ದು ಹೋದ ವರ್ಷ ತಾನೇ ಮರಿ ಹಾಕಿದೆಯಲ್ಲೋ!"

ಬೀಗದಕೈ ಕಿತ್ತುಕೊಂಡು ಬಾಗಿಲು ತೆಗೆದರು. ಬಿಳಿ ಮುದ್ದು ಒಳಗಿನಿಂದ ಬಾಣದಂತೆ ಹೊರಗೆ ಹಾರಿತು. ಇಡೀ ದಿನ ಬಾಗಿಲು ತೆಗೆಯುವವರಿಲ್ಲದೆ ಅದು ಜಲಜಮ್ಮನ ಹೊಸ ಹಾಸಿಗೆಯ ಮೇಲೆ ಮನಸಾರೆ ಉಚ್ಚೆ ಹೊಯ್ದಿತ್ತು.

ಗುರುಪ್ರಸಾದ ನಲ್ಲಿಯ ಕೆಳಗೆ ಕೂತು ಆ ಹಾಸಿಗೆಯ ಹೊದಿಕೆ ಉಜ್ಜುತ್ತಿದ್ದಾಗ ಪಶುವೈದ್ಯೆಯ ಫೋನು ಬಂತು. "ನಿಮ್ಮ ಬೆಕ್ಕು ಎದ್ದು ಕೂತಿದೆ. ಉಚ್ಚೆ ಧಾರಾಳವಾಗಿ ಹೋಗ್ತಿದೆ. ನಾಳಿದ್ದು ಮನೆಗೆ ಕರ್ಕೊಂಡು ಹೋಗಿ."

ಯಾರದೆಂದೇ ಗೊತ್ತಿಲ್ಲದ ಬೆಕ್ಕು. ಆದರೂ ಗುರುಪ್ರಸಾದನಿಗೆ ಹೊಟ್ಟೆ ತುಂಬ ಖುಷಿಯಾಯಿತು. "ಬರ್ತೀನಿ ಮೇಡಂ" ಎಂದು, ಹೊದಿಕೆಗೆ ಇನ್ನೊಂದು ಸುತ್ತು ಸೋಪು ಹಚ್ಚಿದ.